ಬೀಗರ ಬಾವಿಯ ತಳ

ಬಾವಿಗೆ ಕೊಡ ಬಿದ್ದರೆ ನಮ್ಮ ಕಡೆಯ ಹೆಂಗಸರು ಮೊದಲು ದೇವರನ್ನು ನೆನೆಯುತ್ತಿದ್ದರು, ಆಮೇಲೆ ಸವಣೂರಿನ ಉಸ್ಮಾನಸಾಬನನ್ನು. ದೇವರು ಬರುವುದು ತಡವಾಗುತ್ತಿತ್ತು, ಉಸ್ಮಾನಸಾಬ ಬಂದೇ ಬಿಡುತ್ತಿದ್ದ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆ ಅವನು ಮುಳುಗದ ಬಾವಿ ಇದ್ದರೆ ಅದು ಬತ್ತಿದ ಬಾವಿಯೇ ಇರಬೇಕು. ಕೊಕ್ಕೆಗಳ ಗೊಂಚಲಿನಂಥ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಟ್ಟು, ಅತ್ತ ಜಗ್ಗಿ ಇತ್ತ ಜಗ್ಗಿ ಸೋತವರು ಕೊನೆಗೆ ಅವನಿಗೆ ಹೇಳಿಕಳಿಸುತ್ತಿದ್ದರು. ಅವನು ಬಂದು ಮೆಟ್ಟಿಲ ಮೇಲೆ ಕುಳಿತು, ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ರುಚಿ ನೋಡುತ್ತಿದ್ದ. “ಬಿಸ್ಮಿಲ್ಲಾ” ಎಂದು ಇಳಿದನೆಂದರೆ ದಂಡೆಯ ಮೇಲಿದ್ದವರಿಗೆ ಜೀವ ಹೋಗಿ ಬರುತ್ತಿತ್ತು. ಅಷ್ಟರಲ್ಲಿ ಕೊಡವನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ನಗುತ್ತ ಮೇಲೆ ಬರುತ್ತಿದ್ದ.

ನಾನು ಗೋಣೆಪ್ಪ, ವೀಳ್ಯದೆಲೆ ವ್ಯಾಪಾರಿ. ಸವಣೂರಿನ ಎಲೆಯನ್ನು ಬುಟ್ಟಿಗೆ ತುಂಬಿಸಿ ಘಟ್ಟದ ಕೆಳಗೆ ಕಾರವಾರದವರೆಗೆ ಕಳಿಸುವವನು. ಉಸ್ಮಾನಸಾಬ ನಮ್ಮ ತೋಟದಲ್ಲಿ ಎಲೆಬಳ್ಳಿ ಕಟ್ಟುತ್ತಿದ್ದ. ಅವನ ಹೊಟ್ಟೆಪಾಡು ಅದು. ಮುಳುಗುವುದು ಬರೀ ಹುಚ್ಚು. ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ. ಹೇಳಲಿ, ನನಗೇನು. ಚಿಕ್ಕಂದಿನಿಂದ ನನ್ನ ಸಿಟ್ಟು ನೋಡಿ ನಗುತ್ತ ಕೂತವನು ಊರಲ್ಲಿ ಅವನೊಬ್ಬನೇ, ಅದಕ್ಕೇ ನಮ್ಮ ಗೆಳೆತನ ಉಳಿಯಿತು.

ಮುಳುಗುವುದಷ್ಟೇ ಆಗಿದ್ದರೆ ಅವನ ಕಥೆ ಹೇಳುವ ಉಸಾಬರಿ ನನಗೆ ಬೇಕಿರಲಿಲ್ಲ. ಅವನಿಗೆ ಇನ್ನೊಂದು ಚಾಳಿ ಇತ್ತು. ಹೆಣ್ಣು ಕೊಡುವ ಮುಂಚೆ ಮಂದಿ ಮನೆ ನೋಡುತ್ತಾರೆ, ಹೊಲ ನೋಡುತ್ತಾರೆ, ಹಿತ್ತಲದ ಎಮ್ಮೆ ನೋಡುತ್ತಾರೆ. ಉಸ್ಮಾನಸಾಬ ಬೀಗರಾಗುವವರ ಬಾವಿಗೆ ಇಳಿದು ತಳ ತಡವಿ ನೋಡುತ್ತಿದ್ದ.

“ಉಂಡ ಮನಿ ಜಂತಿ ಎಣಸೋರನ್ನ ನಾ ಕಂಡೇನಿ. ಬೀಗರ ಬಾವಿ ತಳ ಎಣಸೋನು ನೀ ಒಬ್ಬನ ನೋಡಪಾ,” ಎಂದು ನಾನು ಬೈದಿದ್ದೆ.

“ನಿನಗ ತಿಳಿಯೂದಿಲ್ಲ ಗೋಣೆಪ್ಪ. ತಳದಾಗ ಲೋಟಾ, ತಂಬಿಗಿ, ಸೌಟು ಸಿಕ್ಕರ ಅದು ಚಲೋ ಮನಿ. ಸೊಸಿ ಕೈ ಜಾರಿ ಬಿದ್ದೈತಿ, ಅತ್ತಿ ‘ಹೋಗ್ಲಿ ಬಿಡ’ ಅಂದಾಳ. ತಳ ತೊಳದಿಟ್ಟ ತಾಟಿನಂಗ ಇತ್ತೋ, ತಿಳಕೋ, ಆ ಮನ್ಯಾಗ ಒಂದು ಚಮಚಾ ಬಿದ್ರೂ ಹೆಣ್ಣಮಕ್ಕಳು ಜೀವಾ ಕೈಯಾಗ ಹಿಡಕೊಂಡು ತಗಸ್ತಾರ.”

ಕೇಳಿದರೆ ನಗು ಬರುತ್ತದೆ. ಆದರೆ ಹಿರಿಯ ಮಗಳನ್ನು ಹುಲಗೂರಿಗೆ ಕೊಡುವಾಗ ಆ ಮನೆಯ ಬಾವಿಯಿಂದ ಅವನು ಎರಡು ಬಟ್ಟಲು, ಒಂದು ಸೌಟು, ಕೂಸಿನ ಒಂದು ಕಾಲ್ಗಡಗ ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ತೊಯ್ದ ಮೈಯಲ್ಲೇ ಹೂಂ ಎಂದ. ಆ ಹುಡುಗಿ ಇವತ್ತಿಗೂ ಅಲ್ಲಿ ರಾಣಿಯ ಹಾಗೆ ಇದ್ದಾಳೆ. ಎರಡನೆಯವಳಿಗೆ ಬಂಕಾಪುರದ ಒಂದು ದೊಡ್ಡ ಮನೆ ತಾನಾಗಿ ಕೇಳಿಕೊಂಡು ಬಂತು. ಇವನು ಅವರ ಬಾವಿಗೆ ಇಳಿದು ಬರಿಗೈಯಲ್ಲಿ ಮೇಲೆ ಬಂದು, “ನಿಮ್ಮ ಬಾವಿ ಬಾಳ ಸ್ವಚ್ಛ ಐತ್ರಿ, ನಮಗ ಆಗೂದಿಲ್ಲ,” ಎಂದುಬಿಟ್ಟ. ಬಾವಿ ಸ್ವಚ್ಛ ಇದ್ದುದಕ್ಕೆ ಹೆಣ್ಣು ಯಾಕೆ ತಪ್ಪಿತು ಎಂದು ಆ ಯಜಮಾನರಿಗೆ ಇವತ್ತಿಗೂ ಅರ್ಥವಾಗಿಲ್ಲ. ಆಮೇಲೆ ಆ ಹುಡುಗಿ ಹಿರೇಕೆರೂರಿನ ಒಂದು ಸಾದಾ ಮನೆ ಸೇರಿ ಸುಖವಾಗಿದ್ದಾಳೆ.

ತಮಾಷೆ ಏನೆಂದರೆ, ಉಸ್ಮಾನಸಾಬನ ಮನೆಯ ಬಾವಿಯ ತಳದಲ್ಲಿ ಒಂದು ಸೂಜಿಯೂ ಇರಲಿಲ್ಲ. ಅವನ ಹೆಂಡತಿ ಹಮೀದುನ್ನೀಸಾ ಒಳ್ಳೆಯ ಹೆಂಗಸು, ಆದರೆ ಬಾಯಿ ಅಂದರೆ ಬಾಯಿ. ಮಕ್ಕಳ ಕೈಯಿಂದ ಲೋಟ ಬಿದ್ದರೆ ಅದು ನೀರು ಮುಟ್ಟುವ ಮೊದಲೇ ಬೈಗಳು ಮುಟ್ಟುತ್ತಿದ್ದವು. “ನಿನ್ನ ಬಾವಿ ನೋಡಿದ್ರ ನಾ ಅಂತೂ ಈ ಮನಿಗೆ ಹೆಣ್ಣ ಕೊಡತಿದ್ದಿಲ್ಲ,” ಎಂದು ನಾನು ಚೇಷ್ಟೆ ಮಾಡಿದರೆ, ಅವನು ಹೆಂಡತಿ ಎಲ್ಲಿದ್ದಾಳೆಂದು ಒಮ್ಮೆ ನೋಡಿ ಆಮೇಲೆ ನಗುತ್ತಿದ್ದ.

ಮೂರನೆಯ ಮಗಳು ಮುಮ್ತಾಜಬೇಗಂ. ಅಪ್ಪನ ಹುಚ್ಚು ಆ ಮನೆಯಲ್ಲಿ ಅವಳೊಬ್ಬಳಿಗೇ ಬಂದಿತ್ತು. ಓಣಿಯ ಹೆಂಗಸರ ಕೊಡ ಬಾವಿಗೆ ಬಿದ್ದರೆ, ಗಂಡಸರು ಯಾರೂ ಇಲ್ಲದ ಹೊತ್ತು ನೋಡಿ, ಅವಳೇ ಸೆರಗು ಬಿಗಿದು ಇಳಿದು ತರುತ್ತಿದ್ದಳು. ಕೊಡ ತರಿಸಿಕೊಂಡವರೇ ಆಮೇಲೆ ಕಟ್ಟೆಯ ಮೇಲೆ ಕುಳಿತು, “ಬಾವಿಗೆ ಜಿಗಿಯೋ ಹುಡುಗೀನ ಯಾರ ಮಾಡಿಕೋತಾರವಾ?” ಎನ್ನುತ್ತಿದ್ದರು. ಬಂದ ವರಗಳ ಕಿವಿಗೆ ಆ ಮಾತು ಬೀಳುತ್ತಿತ್ತು, ವರಗಳು ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗುತ್ತಿದ್ದವು. ಅವಳ ಓರಗೆಯವರ ಮಕ್ಕಳು ಸಾಲಿಗೆ ಹೋಗತೊಡಗಿದ್ದರು.

ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾಗಿ ಎರಡು ವರ್ಷವಾಗಿತ್ತು. ಆ ವರ್ಷ ಕಾರವಾರದಿಂದ ಜನ್ನತಬಿ ಎಂಬಾಕೆ ಹುಲಗೂರಿನ ದರ್ಗಾಕ್ಕೆ ಹರಕೆ ತೀರಿಸಲು ಬಂದವಳು ಸವಣೂರಿನಲ್ಲಿ ನೆಂಟರ ಮನೆಯಲ್ಲಿ ಇಳಿದುಕೊಂಡಳು. ನೀರು ಸೇದಲು ಹೋಗಿ ಕೊಡ ಬೀಳಿಸಿದಳು. ಮುಮ್ತಾಜ ಇಳಿದು ತಂದುಕೊಟ್ಟಳು. ಮಂದಿ ಮೂಗು ಮುರಿದ ಆ ಹುಡುಗಿಯನ್ನು ಜನ್ನತಬಿ ಕಣ್ಣರಳಿಸಿ ನೋಡಿದಳು. ಅವಳ ಗಂಡ ಬಾಬಾಜಾನ ಮೀನುಗಾರ. ನನ್ನ ಎಲೆಬುಟ್ಟಿಗಳನ್ನು ದೋಣಿಯಲ್ಲಿ ಕಾಳಿ ಹೊಳೆ ದಾಟಿಸುವವನೂ ಅವನೇ. ಹಾಗಾಗಿ, “ನಮ್ಮ ಮಗ ನಿಯಾಜನಿಗೆ ಆ ಹುಡುಗಿ ಬೇಕು,” ಎಂಬ ಮಾತು ನನ್ನ ಕೈಗೇ ಬಂತು.

ಉಸ್ಮಾನಸಾಬ ಮಗಳನ್ನು ಕೇಳಿದ. ಅವಳು ನೆಲ ನೋಡುತ್ತ, “ಅಲ್ಲಿ ನೀರು ಬಾಳ ಐತಂತಲ್ಲ, ಅಬ್ಬಾ,” ಎಂದಳು. ಇದಕ್ಕಿಂತ ದೊಡ್ಡ ಹೂಂ ಇನ್ನೊಂದಿಲ್ಲ.

ಹಮೀದುನ್ನೀಸಾ ಮಾತ್ರ ಮನೆ ತಲೆಯ ಮೇಲೆ ಹೊತ್ತುಕೊಂಡಳು. “ಬಾವಿಗೆ ತಳ ಇರತೈತಿ. ಸಮುದ್ರಕ್ಕ ಎಲ್ಲೈತ್ರಿ ತಳ? ತಳ ಇಲ್ಲದ ನೀರಿನ ದಂಡೀಗೆ ಮಗಳನ್ನ ಒಗದು ಬರ್ತೀರೇನು?” ಎಂದು ಒಂದೇ ಸಮ ಅತ್ತಳು. ಕೊನೆಗೆ ತನ್ನ ತಾಯಿ ಕೊಟ್ಟಿದ್ದ ಹಿತ್ತಾಳೆಯ ಪಾನದಾನವನ್ನು ಅರಿವೆಯಲ್ಲಿ ಕಟ್ಟಿ ಗಂಡನ ಕೈಗೆ ಕೊಟ್ಟಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲವೂ ಅದರೊಳಗೇ. “ನೀವ ಹೋಗಿ ನೋಡ್ರಿ. ಮನಸ್ಸಿಗೆ ಬಂದ್ರ ಇದನ್ನ ಹುಡುಗನ ಅವ್ವನ ಕೈಯಾಗ ಕೊಟ್ಟು ಬರ್ರಿ, ನಾ ತಿಳಕೋತೇನಿ. ಬರಲಿಲ್ಲಂದ್ರ ಹಂಗ ವಾಪಸ್ ತರ್ರಿ. ಕಳಕೊಂಡು ಬಂದ್ರೋ, ನೋಡ್ರಿ ಮತ್ತ!”

ಎಲೆಬುಟ್ಟಿಗಳ ಲಾರಿಯಲ್ಲಿ ನಾವಿಬ್ಬರೂ ಘಟ್ಟ ಇಳಿದೆವು. ಬಾಬಾಜಾನನ ಮನೆ ಸಮುದ್ರದ ದಂಡೆಯಲ್ಲೇ, ತೆಂಗಿನ ಗರಿಯ ಮಾಡು. ಚಹಾ ಕುಡಿದು ಲೋಟ ಕೆಳಗಿಡುವ ಮೊದಲೇ ನನ್ನ ಗೆಳೆಯ ಅಂಗಿ ಬಿಚ್ಚತೊಡಗಿದ.

“ಬಾವಿ ಎಲ್ಲೈತ್ರಿ?” ಎಂದ.

ಹಿತ್ತಲಲ್ಲಿ ಒಂದು ಉಸುಕಿನ ಬಾವಿ ಇತ್ತು. ಇವನು ಬಿಸ್ಮಿಲ್ಲಾ ಎಂದು ಇಳಿದರೆ ನೀರು ಮೊಣಕಾಲಿಗೆ ಬಂತು. ಅಲ್ಲೇ ನಿಂತು, ಏನು ಮಾಡಬೇಕೆಂದು ತಿಳಿಯದೆ, ನೀರೊಳಗೆ ಕಾಲಾಡಿಸಿದ. ಬಾಬಾಜಾನ ಹೊಟ್ಟೆ ಹಿಡಿದುಕೊಂಡು ನಕ್ಕ. ಇವನು ಯಾಕೆ ಇಳಿದನೆಂದು ಅವರಿಗೆ ಗೊತ್ತಿರಲಿಲ್ಲ. ಆಚೆ ಊರಿನ ಮುಳುಗುಗಾರನ ಖಯಾಲಿ ಎಂದುಕೊಂಡಿದ್ದರು.

“ಅದು ಕಾಲು ತೊಳೆಯುವ ಬಾವಿ ಮಾರಾಯ್ರೆ! ನಮ್ಮ ಬಾವಿ ಅಲ್ಲಿದೆ ನೋಡಿ,” ಎಂದು ಸಮುದ್ರದ ಕಡೆ ಕೈ ತೋರಿಸಿದ. “ನಾಳೆ ಶನಿವಾರ. ಎರಡು ದಿನ ನಡುಗಡ್ಡೆಗಳ ಕಡೆ ಹೋಗಿ ಬರುವ. ನಾವು ಮೀನು ಹಿಡೀತೇವೆ, ನೀವು ಬೇಕಷ್ಟು ಮುಳುಗಿ.”

ಬೆಳಗಿನ ನಮಾಜು ಮುಗಿಸಿ ಅವರು, ಲಿಂಗಪೂಜೆ ಮುಗಿಸಿ ನಾನು, ದೋಣಿ ಹತ್ತಿದೆವು. ಚುಕ್ಕಾಣಿಗೆ ಬಾಬಾಜಾನ, ಹಾಯಿಗೆ ಮಗ ನಿಯಾಜ. ಬಂಡೆಗೆ ಅಂಟಿದ ಚಿಪ್ಪಿಕಲ್ಲು ಆರಿಸಲೆಂದು ಜನ್ನತಬಿಯೂ ಬಂದಳು. ಮಣ್ಣಿನ ಒಲೆ, ಗಡಿಗೆ, ಸೌಟುಗಳ ನಡುವೆ ಸಂತೆಗೆ ಹೊರಟವಳ ಹಾಗೆ ಕುಳಿತಿದ್ದಳು. ನನ್ನ ಮಡಿಲಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಕುರುಕಲು ತಿನ್ನಲು ಸವಣೂರ ಖಾರದ ಗಂಟು. ಉಸ್ಮಾನಸಾಬನ ಸೊಂಟಕ್ಕೆ ಪಾನದಾನದ ಗಂಟು.

ದಂಡೆ ದೂರವಾಗುತ್ತಿದ್ದಂತೆ ನನ್ನ ಹೊಟ್ಟೆ ಬಾಯಿಗೆ ಬಂತು. ಆ ದೋಣಿ ಏಳುವುದೇನು, ಬೀಳುವುದೇನು! “ದೋಣಿ ನೋಡಬೇಡಿ, ದೂರ ನೋಡಿ,” ಎಂದ ಬಾಬಾಜಾನ. “ದೂರ ಏನೈತ್ರಿ ನೋಡಾಕ? ನೀರ ಐತಿ!” ಎಂದು ನಾನು ರೇಗಿದೆ. ಆದರೆ ನೋಡುವುದು ಇತ್ತು. ಒಂದು ಕಡೆ ಹಸಿರು ಹೊದ್ದ ಕೂರ್ಮಗಡ, ಇನ್ನೊಂದು ಕಡೆ ದೀಪಸ್ತಂಭ ಹೊತ್ತ ದೇವಗಡ, ನಡುವೆ ಹೆಸರಿಲ್ಲದ ಸಣ್ಣ ಸಣ್ಣ ಬಂಡೆಗಳು. ತೆಂಕಣಕ್ಕೆ ಕಾಣುವ ಅಂಜದೀವದ ಕಡೆ ನಾನು ಬೆರಳು ಮಾಡಿದಾಗ ಬಾಬಾಜಾನ ನನ್ನ ಕೈ ಕೆಳಗೆ ಮಾಡಿಸಿದ. “ಅದು ಪೋರ್ತುಗೀಜರದು. ಬೆರಳು ಸಹ ತೋರಿಸಬೇಡಿ, ಆಮೇಲೆ ನಮ್ಮ ದೋಣಿ ಕೇಳ್ತಾರೆ!”

ನಿಯಾಜ ಹಾಯಿ ಸರಿಮಾಡುವಾಗ ಗಾಳದ ದಾರವನ್ನು, “ಒಂಚೂರು ಹಿಡ್ಕೊಳ್ಳಿ ಮಾಮಾ,” ಎಂದು ನನ್ನ ಕೈಗೆ ಕೊಟ್ಟ. ನಾನು ಏನೂ ತಿಳಿಯದೆ ಬೆರಳಿಗೆ ಸುತ್ತಿಕೊಂಡು ಕುಳಿತೆ. ಒಮ್ಮೆಲೇ ಎತ್ತು ಕಣ್ಣಿ ಜಗ್ಗಿದ ಹಾಗೆ ಜಗ್ಗಿತು! “ಯಪ್ಪಾ! ಶಿವನ! ನಾ ಏನೂ ಮಾಡಿಲ್ಲ, ಅದ ಬಂದು ಕಚ್ಚೈತಿ!” ಎಂದು ಕೂಗಿಕೊಂಡೆ. ಮೂವರೂ ಸೇರಿ ಎಳೆದರೆ ನನ್ನ ತೋಳಿನಷ್ಟು ಉದ್ದದ ಇಸ್ವಾಣ ಮೀನು ದೋಣಿಗೆ ಬಿತ್ತು. ಆ ಎರಡು ದಿನದಲ್ಲಿ ಸಿಕ್ಕ ದೊಡ್ಡ ಮೀನು ಅದೇ. ಹುಟ್ಟಿದಾಗಿನಿಂದ ಮೀನಿನ ವಾಸನೆಗೆ ಮೂಗು ಮುಚ್ಚುವವನ ಕೈಗೆ ಅದು ಯಾಕೆ ಬಂತೋ, ಆ ಶಿವನಿಗೇ ಗೊತ್ತು. ಉಸ್ಮಾನಸಾಬ ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಊರಿಗೆ ಹೋಗಿ ಸ್ವಾಮಿಗಳಿಗೆ ಹೇಳ್ತೇನಿ ತಡಿ,” ಎಂದ. ನಾನು ಗಾಳಿ ಬರುವ ಕಡೆಗೆ ಮುಖ ಮಾಡಿ ರೊಟ್ಟಿ ತಿಂದೆ.

ಮಧ್ಯಾಹ್ನ ಬಂಡೆಗಳ ನಡುವೆ ಹಾಯಿ ಇಳಿಸಿದರು. ಉಸ್ಮಾನಸಾಬ ಪಾನದಾನದ ಗಂಟನ್ನು ನನ್ನ ಮಡಿಲಿಗೆ ಹಾಕಿ ದೋಣಿಯ ಅಂಚಿಗೆ ಕುಳಿತ. ರೂಢಿಯಂತೆ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡ.

“ಥೂ! ಥೂ! ಇಷ್ಟು ನೀರಿಗೆ ಇಷ್ಟು ಉಪ್ಪು ಯಾರ ಹಾಕ್ಯಾರ್ರಿ?”

ಎಲ್ಲರೂ ನಕ್ಕರು, ಅವನೂ ನಕ್ಕ, ನಗುತ್ತಲೇ ಇಳಿದ. ನಾನು ಉಸಿರು ಹಿಡಿದು ಕಾಯಬೇಕು ಎನ್ನುವಷ್ಟರಲ್ಲಿ ಬೆಂಡಿನ ಹಾಗೆ ಮೇಲೆ ಬಂದ. ಮತ್ತೆ ಮುಳುಗಿದ, ಮತ್ತೆ ಬಂದ. ಬಾವಿಯ ನಿಂತ ಸಿಹಿನೀರು ಅವನ ಮಾತು ಕೇಳುತ್ತಿತ್ತು. ಈ ನೀರು ಅವನನ್ನು ಒಮ್ಮೆ ಎತ್ತಿತು, ಒಮ್ಮೆ ಬಂಡೆಯ ಕಡೆ ಎಳೆಯಿತು. ಒಳಗೆ ಕಣ್ಣು ತೆರೆದದ್ದಕ್ಕೆ ಮೆಣಸಿನಪುಡಿ ಹಾಕಿದಂತೆ ಉರಿ. ಕೊನೆಗೆ ನಿಯಾಜ ಕೈ ಕೊಟ್ಟು ಎಳೆದುಕೊಂಡ. “ಉಪ್ಪುನೀರು ಮನುಷ್ಯನನ್ನು ಮೇಲಕ್ಕೆ ಎತ್ತುತ್ತದೆ ಮಾಮಾ, ನಮಗೂ ಹಾಗೇ ಆಗ್ತದೆ,” ಎಂದು ಸಮಾಧಾನ ಹೇಳಿದ. ಉಸ್ಮಾನಸಾಬ ಕೆಂಪು ಕಣ್ಣು ಮುಚ್ಚಿಕೊಂಡು ಕುಳಿತ. ಅವನು ತಳ ಮುಟ್ಟದೆ ಮೇಲೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಂಜೆ ನಡುಗಡ್ಡೆಯ ಉಸುಕಿನಲ್ಲಿ ಕುಳಿತಾಗ ಅವನು ಪಾನದಾನವನ್ನು ಮತ್ತೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡ. “ನಾಳೆ ಆಗೂದಿಲ್ಲ ಅಂತ ಹೇಳತೇನಿ,” ಎಂದ.

“ತಲಿಗಿಲಿ ಕೆಟ್ಟೈತೇನು?” ಎಂದು ನಾನು ಎದ್ದು ನಿಂತೆ. “ಮಗಳು ಹೂಂ ಅಂದಾಳ. ಹುಡುಗ ಬಂಗಾರದಂಥಾವ ಅದಾನ. ನಿನ್ನ ಬಾವಿ ಶಾಸ್ತ್ರಕ್ಕ ಬೆಂಕಿ ಹಚ್ಚ!”

“ಹುಡುಗ ಚಲೋ ಅದಾನ, ನನಗ ಕಣ್ಣಿಲ್ಲೇನು? ಮನಿ ಹೆಂಗೈತಿ, ಅದು ಗೊತ್ತಾಗವಲ್ದು. ಇಬ್ಬರು ಅಕ್ಕಂದಿರ ಮನಿ ಬಾವಿ ತಳ ಮುಟ್ಟಿ ನೋಡಿ ಕೊಟ್ಟೆ. ಸಣ್ಣಾಕಿ ನನ್ನ ಜೀವಾ, ಗೋಣೆಪ್ಪ. ಅಕೀನ್ನ ಒಬ್ಬಾಕೀನ್ನ ನೋಡಲಾರದ ಒಗದು ಬಂದೆ ಅಂತ ನಾಳೆ ನನ್ನ ಮನಸ್ಸ ನನ್ನ ಕೇಳತೈತಿ. ಏನು ಹೇಳಲಿ?”

ಸವಣೂರಿನ ಓಣಿಯಲ್ಲಿ ಆ ಹುಡುಗಿಯ ಬಗ್ಗೆ ಆಡುವ ಮಾತು ನೆನಪಾಯಿತು. ಈ ಮನೆ ತಪ್ಪಿದರೆ ಅವಳನ್ನು ನಗುನಗುತ್ತ ಕೇಳಿಕೊಂಡು ಬರುವ ಮನೆ ಇನ್ನೊಂದು ಬರಲಾರದು ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ರವಿವಾರ ಬೆಳಿಗ್ಗೆ ದೋಣಿಯನ್ನು ನಡುಗಡ್ಡೆಯ ಮಗ್ಗುಲಿಗೆ, ಗಾಳಿ ತಾಗದ ಒಂದು ಮೂಲೆಗೆ ತಂದು ಲಂಗರಿನ ಕಲ್ಲು ಬಿಟ್ಟರು. ಎಷ್ಟೋ ವರ್ಷದಿಂದ ಅವರು ಬಂದು ನಿಲ್ಲುವ ಜಾಗ ಅದೇ. ಮೂರು ಆಳು ನೀರು, ಹಸಿರು ಗಾಜಿನಂತೆ ತಿಳಿ. ಜನ್ನತಬಿ ದೋಣಿಯಲ್ಲೇ ಒಲೆ ಹೊತ್ತಿಸಿ ಮೀನಿನ ಸಾರು ಕುದಿಸಿದಳು, ನನಗೆ ಬೇರೆ ಗಡಿಗೆಯಲ್ಲಿ ಬರೀ ಅನ್ನ ಮಾಡಿಕೊಟ್ಟಳು. ಊಟವಾಯಿತು. ಉಸ್ಮಾನಸಾಬ ಗಂಟಲು ಸರಿಮಾಡಿಕೊಂಡ. ಆಗೂದಿಲ್ಲ ಎನ್ನುವುದನ್ನು ಒಣ ಬಾಯಿಯಲ್ಲಿ ಹೇಳಬಾರದು, ಒಂದು ಎಲೆ ಮಡಚಿ ಕೊಟ್ಟು ಹೇಳಬೇಕು, ನಮ್ಮೂರ ರೀತಿ ಅದು. ಗಂಟು ಬಿಚ್ಚಿ ಪಾನದಾನವನ್ನು ತೊಡೆಯ ಮೇಲೆ ಇಟ್ಟುಕೊಂಡ.

ಎಲ್ಲಿತ್ತೋ ಒಂದು ತೆರೆ, ಬಂದು ದೋಣಿಯ ಬೆನ್ನಿಗೆ ಗುದ್ದಿತು. ಪಾನದಾನ ಅವನ ತೊಡೆಯಿಂದ ಜಾರಿ, ಅಂಚಿಗೆ ಒಮ್ಮೆ ಟಣ್ ಎಂದು, ಬುಳುಕ್ಕನೆ ನೀರಿಗೆ ಹೋಯಿತು.

ಉಸ್ಮಾನಸಾಬನ ಮುಖ ನೋಡಬೇಕಿತ್ತು. ಊರವರು ಬೀಳಿಸಿದ್ದನ್ನು ತೆಗೆದು ತೆಗೆದು ಗಡ್ಡ ನೆರೆತವನು. ಅವನ ಕೈಯಿಂದ ಅವತ್ತಿನವರೆಗೆ ಒಂದು ಗುಂಡುಸೂಜಿಯೂ ನೀರಿಗೆ ಬಿದ್ದಿರಲಿಲ್ಲ. ಬಿದ್ದದ್ದಾದರೂ ಏನು? ಹಮೀದುನ್ನೀಸಾಳ ತವರಿನ ಪಾನದಾನ! “ಹೋತೋ, ಗೋಣೆಪ್ಪ,” ಎಂದ. ಕೈಗಳು ಇನ್ನೂ ತೊಡೆಯ ಮೇಲೆ ಪಾನದಾನ ಹಿಡಿದಂತೆಯೇ ಇದ್ದವು. ಸಣ್ಣ ಹುಡುಗ ಬೈಸಿಕೊಳ್ಳಲು ಕಾಯುವ ಹಾಗೆ ಜನ್ನತಬಿ, ಬಾಬಾಜಾನರ ಮುಖ ನೋಡಿದ.

ಜನ್ನತಬಿ ಮೊದಲು ನಕ್ಕಳು. “ಬಿದ್ದರೆ ಬೀಳಲಿ ಬಿಡಿ ಭಾಯಿ! ನನ್ನ ಸೌಟು ಅಲ್ಲೇ ಉಂಟು, ಚಹಾದ ಕಿಟ್ಲಿ ಅಲ್ಲೇ ಉಂಟು.”

“ಇವಳ ತವರಿನ ತಾಮ್ರದ ಚರಿಗೆ ಬೀಳಿಸಿದವನು ನಾನೇ ಮಾರಾಯ್ರೆ,” ಎಂದ ಬಾಬಾಜಾನ.

“ದೊಡ್ಡ ಸೊಸೆ ಮದುವೆಯಾಗಿ ಬಂದ ಹೊಸತಿಗೆ ಇಲ್ಲೇ ಹೊಸ ಬೋಗುಣಿ ಬೀಳಿಸಿದಳು,” ಎಂದು ಜನ್ನತಬಿ ಮುಂದುವರಿಸಿದಳು. “ಹೆದರಿ ಅಳಲಿಕ್ಕೆ ಹತ್ತಿದಳು ಪಾಪ. ಎಷ್ಟು ಹೇಳಿದರೂ ನಿಲ್ಲಿಸಲಿಲ್ಲ. ಕಡೆಗೆ ನಾನೇ ಕೈಯಲ್ಲಿದ್ದ ಚಮಚ ನೀರಿಗೆ ಬಿಟ್ಟೆ. ನೋಡು, ನಂದೂ ಬಿತ್ತು, ಏನಾಯ್ತು ಈಗ ಅಂದೆ. ಆಮೇಲೆ ನಕ್ಕಳು.”

ಉಸ್ಮಾನಸಾಬ ಅವಳನ್ನೇ ನೋಡುತ್ತ ಕುಳಿತ.

ನಿಯಾಜ ದೋಣಿಯ ಮೂಲೆಯಿಂದ ಒಂದು ಸಾಮಾನು ತೆಗೆದ. ರಬ್ಬರಿನ ಕಟ್ಟು ಹಾಕಿದ ದುಂಡನೆಯ ಗಾಜು, ಜೊತೆಗೆ ಕೊಡೆಯ ಹಿಡಿಕೆಯಂತೆ ಬಾಗಿದ ಒಂದು ಕೊಳವೆ. ಅದಿರು ತುಂಬಲು ಬಂದ ಪರದೇಶದ ಹಡಗಿನ ಖಲಾಸಿಯೊಬ್ಬ ಒಂದು ಬುಟ್ಟಿ ಬಂಗಡೆ ಮೀನಿಗೆ ಬದಲಾಗಿ ಕೊಟ್ಟದ್ದಂತೆ. “ಇದನ್ನು ಮುಖಕ್ಕೆ ಹಾಕಿ ಮಾಮಾ. ಕೊಳವೆ ಬಾಯಲ್ಲಿ ಕಚ್ಚಿ. ನೀರಿನ ಮೇಲೆ ಸುಮ್ಮನೆ ಬೋರಲು ಮಲಗಿ, ಮುಳುಗಬೇಡಿ,” ಎಂದ.

ಉಸ್ಮಾನಸಾಬ ಬೋರಲು ಮಲಗಿದ. ಕೊಳವೆಯ ತುದಿಯೊಂದೇ ಮೇಲೆ. ಸ್ವಲ್ಪ ಹೊತ್ತಿಗೆ ಅದರೊಳಗಿಂದ ದನಿ ಬರತೊಡಗಿತು, ಹೂಂ, ಹೂಂ, ಊಊ ಎಂದು. ನಾನು ಗಾಬರಿಯಾಗಿ ಅವನ ಕಾಲು ಹಿಡಿದು ಎಳೆದೆ. ಅವನು ತಲೆ ಎತ್ತಿ ಕೊಳವೆ ಉಗಿದು, ನನ್ನನ್ನೇ ಬೈದ.

“ಬಿಡೋ ಮಾರಾಯ! ಕಾಣಾಕತ್ತೈತಿ! ತಳ ಕಾಣಾಕತ್ತೈತಿ!”

ಆಗ ನನಗೆ ಹೊಳೆಯಿತು. ಜೀವಮಾನವೆಲ್ಲ ತಳ ಮುಟ್ಟಿದವನು, ಆದರೆ ತಳವನ್ನು ಕಣ್ಣಿಂದ ಕಂಡವನಲ್ಲ. ಬಾವಿಯ ತಳದಲ್ಲಿ ಕತ್ತಲೆ, ಕೆಸರು. ಅಲ್ಲಿ ಕೈಯೇ ಕಣ್ಣು. ಈಗ ಬಿಸಿಲು ತಳದವರೆಗೆ ಇಳಿದಿತ್ತು. “ಅರಿಷಿಣ ಬಣ್ಣದ ಮೀನು ಅದಾವ, ನೀಲಿ ಮೀನು ಅದಾವ, ಕಿಟ್ಲಿಯೊಳಗ ಏಡಿ ಸಂಸಾರ ಹೂಡೈತಿ,” ಎಂದು ಒಂದೊಂದೇ ಹೇಳುತ್ತ, ಮತ್ತೆ ಮುಖ ಮುಳುಗಿಸುತ್ತ, ಅವನು ಕುಣಿಯುವುದೊಂದು ಬಾಕಿ. ನನ್ನನ್ನೂ ಬಿಡಲಿಲ್ಲ. ನಾನು ದೋಣಿಯ ಅಂಚು ಬಿಡದೆ ಗಾಜು ಕಟ್ಟಿಕೊಂಡು ಮುಖ ಅದ್ದಿದೆ. ಅಯ್ಯ ಶಿವನ! ಹಸಿರು ಅಂಗಳದಲ್ಲಿ ಯಾರೋ ಮನೆ ಹೂಡಿದ ಹಾಗಿತ್ತು. ಸೌಟು, ಚರಿಗೆ, ಕಿಟ್ಲಿ. ಪಾಚಿ ಹತ್ತಿದ ಒಂದು ಬೋಗುಣಿ, ಅದರ ಹತ್ತಿರವೇ ಒಂದು ಚಮಚ. ಸ್ವಲ್ಪ ಆಚೆ ನಮ್ಮ ಪಾನದಾನ ಹೊಳೆಯುತ್ತಿತ್ತು. ನನ್ನ ಮೂಗಿನ ಮುಂದೆಯೇ ಪಟ್ಟೆಪಟ್ಟೆ ಮೀನುಗಳ ಹಿಂಡೊಂದು ಹಾದುಹೋಯಿತು, ಅವುಗಳ ಮೇಲೆ ನನಗೆ ಎಳ್ಳಷ್ಟೂ ಅಸಹ್ಯ ಬರಲಿಲ್ಲ.

ಉಪ್ಪುನೀರು ಎತ್ತಬಾರದೆಂದು ಹಗ್ಗ ಕಟ್ಟಿದ ಒಂದು ಕಲ್ಲನ್ನು ನಿಯಾಜ ಅವನ ಕೈಗೆ ಕೊಟ್ಟ. ಉಸ್ಮಾನಸಾಬ ಕಲ್ಲು ಅಪ್ಪಿಕೊಂಡು ನೆಟ್ಟಗೆ ಇಳಿದ. ಮೇಲಿಂದ ನೋಡುತ್ತಿದ್ದ ನಮಗೆ ಅವನ ನೆರಳು ಪಾನದಾನದ ಕಡೆ ಹೋದದ್ದು ಕಂಡಿತು, ಅಲ್ಲಿ ಬಗ್ಗಿದ್ದು ಕಂಡಿತು, ಆಮೇಲೆ ಬೋಗುಣಿಯ ಕಡೆ ಸರಿದದ್ದೂ ಕಂಡಿತು. ಮೇಲೆ ಬಂದಾಗ ಕೈ ಬರಿದಾಗಿತ್ತು.

“ಸಿಗಲಿಲ್ಲವಾ ಭಾಯಿ?” ಎಂದಳು ಜನ್ನತಬಿ.

“ಸಿಕ್ತು.”

“ಮತ್ತೆ ತರಲಿಲ್ಲವಲ್ಲ?”

ಉಸ್ಮಾನಸಾಬ ಗಾಜು ಹಣೆಗೆ ಸರಿಸಿದ. ಕಣ್ಣಲ್ಲಿ ನೀರಿತ್ತು, ಈ ಸಲ ಉಪ್ಪಿನ ಉರಿಯಿಂದ ಅಲ್ಲ. “ನಮ್ಮ ಮನ್ಯಾಕಿ ಅದನ್ನ ನಿಮಗ ಕೊಟ್ಟು ಬರ್ರಿ ಅಂದಿದ್ಲ್ರಿ. ನಿಮ್ಮ ಮನ್ಯಾಗ ಇಟ್ಟು ಬಂದೇನಿ. ನಿಮ್ಮ ಚಮಚಾದ ಬಾಜೂಕ.”

ಬಾಬಾಜಾನನಿಗೆ ಏನೂ ತಿಳಿಯಲಿಲ್ಲ. ನಾನು ಕೂಗಿ ಹೇಳಿದೆ: “ಹೂಂ ಅಂದಾನ್ರೋ! ಬೀಗರಾದ್ರಿ! ಬಾಯಿ ಸಿಹಿ ಮಾಡ್ಕೋರಿ!” ಸಿಹಿ ಇರಲಿಲ್ಲ, ಸವಣೂರ ಖಾರವನ್ನೇ ಹಂಚಿದೆ. ನಿಯಾಜ ನಾಚಿಕೊಂಡು ಹಾಯಿಯ ಮರೆಗೆ ಹೋದ.

ಊರಿಗೆ ಬಂದ ಮೇಲೆ ಹಮೀದುನ್ನೀಸಾ, “ಕೊಟ್ಟು ಬಂದ್ರಿ?” ಎಂದಳು. ಅವನು ಹೂಂ ಎಂದು ಸುಮ್ಮನಾದ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಚಮಚದ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಆಮೇಲೆ ಆ ಮನೆಯಲ್ಲಿ ಏಳು ಬೀದಿಗೆ ಕೇಳುವ ಹಾಗೆ ಬೈಗಳ ಮಳೆಯಾಯಿತು. “ನಮ್ಮವ್ವನ ಪಾನದಾನ ಮೀನಿಗೆ ಎಲಿ ಹಾಕಾಕ ಕೊಟ್ಟು ಬಂದ್ರೇನು? ಗೋಣೆಪ್ಪಣ್ಣ, ನೀವಾರ ಬುದ್ಧಿ ಹೇಳಬಾರದಿತ್ತೇನ್ರಿ?” ಆದರೆ ಮಾತು ಕೊಟ್ಟಾಗಿತ್ತು, ಮಗಳ ಮುಖ ಹೂವಿನಂತೆ ಅರಳಿತ್ತು. ಮಳೆಗಾಲದ ಮೊದಲೇ ಮದುವೆಯಾಯಿತು.

ಮರುವರ್ಷದ ಚಳಿಗಾಲದಲ್ಲಿ ಬೀಗರು ನಮ್ಮನ್ನು ಮತ್ತೆ ಕರೆಸಿದರು. ಈ ಸಲ ಹಮೀದುನ್ನೀಸಾಳೂ ಬಂದಳು. ದೋಣಿಯಲ್ಲಿ ನನಗಿಂತ ಹೆಚ್ಚು ಹೆದರುವವರು ಒಬ್ಬರಾದರೂ ಇದ್ದಾರೆಂದು ನನಗೆ ಭಾರಿ ಖುಷಿಯಾಯಿತು. ಅವಳು ದಾರಿಯುದ್ದಕ್ಕೂ ಗಂಡನ ತೋಳು ಬಿಡಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. ಅದೇ ಮೂಲೆಯಲ್ಲಿ ಲಂಗರು ಬಿದ್ದಾಗ ಮುಮ್ತಾಜ ಏನೂ ಹೇಳದೆ ಗಾಜು ಕಟ್ಟಿಕೊಂಡು, ಗಂಡನ ಕೈಯಿಂದ ಕಲ್ಲು ತೆಗೆದುಕೊಂಡು, “ಬಿಸ್ಮಿಲ್ಲಾ” ಎಂದು ಇಳಿದಳು.

“ಯಾ ಅಲ್ಲಾ! ತಳ ಇಲ್ಲದ ನೀರಾಗ…” ಎಂದು ಹಮೀದುನ್ನೀಸಾ ಕಣ್ಣು ಮುಚ್ಚಿಕೊಂಡಳು.

ಕಣ್ಣು ತೆರೆದಾಗ ಎದುರಿಗೆ ಪಾನದಾನ ಇತ್ತು. ಹಿತ್ತಾಳೆ ಹಸಿರಾಗಿ, ಮುಚ್ಚಳಕ್ಕೆ ಸಣ್ಣ ಚಿಪ್ಪುಗಳು ಅಂಟಿದ್ದವು. “ತಳ ಐತಿ, ಅಮ್ಮಾ,” ಎಂದು ಮುಮ್ತಾಜ ಅದನ್ನು ತಾಯಿಯ ಮಡಿಲಿಗೆ ಇಟ್ಟು, ನಗುತ್ತ ದೋಣಿ ಹತ್ತಿದಳು. ಹತ್ತುವಾಗ ಅವಳ ಮೊಣಕೈ ತಾಗಿ ಜನ್ನತಬಿಯ ಹೊಚ್ಚಹೊಸ ಕಿಟ್ಲಿ ಅಂಚಿನಿಂದ ಉರುಳಿ ನೀರಿಗೆ ಬಿತ್ತು.

ಮುಮ್ತಾಜ ನಾಲಿಗೆ ಕಚ್ಚಿಕೊಂಡಳು. ಅತ್ತೆಯ ಕಡೆ ನೋಡಲಿಲ್ಲ. ಚಿಕ್ಕಂದಿನ ರೂಢಿ, ಕಣ್ಣು ನೆಟ್ಟಗೆ ತಾಯಿಯ ಕಡೆ ಹೋಯಿತು. ಮುಖದ ನಗು ಆರಿಹೋಯಿತು. ಹಮೀದುನ್ನೀಸಾ ಬಾಯಿ ತೆರೆದಳು. ನಾನೂ ಉಸ್ಮಾನಸಾಬನೂ, ಈಗ ಶುರುವಾಯಿತೆಂದು, ಒಟ್ಟಿಗೇ ತಲೆ ತಗ್ಗಿಸಿದೆವು.

ಬೈಗಳು ಬರಲಿಲ್ಲ. ತಲೆ ಎತ್ತಿ ನೋಡಿದರೆ ಅವಳು ಮಗಳ ಆ ಮುಖವನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಬಂದಿತ್ತು. ಮೆಲ್ಲಗೆ ಪಾನದಾನದ ಮುಚ್ಚಳ ತೆರೆದಳು, ಒಳಗಿನ ಸುಣ್ಣದ ಡಬ್ಬಿ ತೆಗೆದಳು. ಅವಳ ತಾಯಿಯ ಕೈಯ ಡಬ್ಬಿ ಅದು. ದೋಣಿಯ ಅಂಚಿನಾಚೆ ಕೈ ಚಾಚಿ ಬೆರಳು ಬಿಟ್ಟಳು.

“ನೋಡವಾ, ನಂದೂ ಬಿತ್ತು,” ಎಂದಳು.